ಚಿಮ್ಮದ ವಾಷರ್ರೂ ಹನಿ ನೀರಾವರಿ ಪಂಡಿತನೂ

ನೀವೇ ನ್ಯಾಯ ಹೇಳಿ. ಕಾರಿನ ಮಿಕ್ಕೆಲ್ಲ ಅಂಗಗಳೂ ನೆಟ್ಟಗಿದ್ದು, ಮುಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಮಾತ್ರ ಮುಷ್ಕರ ಹೂಡಿದರೆ ಏನು ಮಾಡಬೇಕು? ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿಕೊಂಡು ಹೊರಡಬೇಕು ಎಂಬುದು ನನ್ನ ಹೆಂಡತಿ ರಂಜಿತಳ ವಾದ. ಕಾರಣ ಹುಡುಕಬೇಕು ಎಂಬುದು ನನ್ನ ವಾದ. (ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಇರುವುದು ಇವೇ ಎರಡು ಪಕ್ಷ. ಆಡಳಿತ ಪಕ್ಷ ಯಾವುದೆಂದು ಹೇಳಬೇಕಾಗಿಲ್ಲ.)

ಅವತ್ತು ಬೆಳಕವಾಡಿಯಲ್ಲಿ, ನನ್ನ ಬಾಮೈದ ಪುನೀತನ ಹೆಂಡತಿಯ ತವರಿನಲ್ಲಿ, ಅವನ ಮಗುವಿಗೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ರಂಜಿತ. ರಾಹುಕಾಲ ಹುಟ್ಟುವ ಮೊದಲೇ ಅವಳು ಅಲ್ಲಿರಬೇಕು. ಕಬ್ಬು ಕಡಿಯುವ ಕಾಲ ಬೇರೆ. ಮಂಡ್ಯ ದಾಟಿದರೆ ಕಬ್ಬಿನ ಟ್ರಾಕ್ಟರುಗಳು ಎರಚುವ ಕೆಸರಿನಲ್ಲಿ ಗಾಜು ಸಾರಿಸಿದ ನೆಲದಂತಾಗುತ್ತದೆ. ನೀರಿಲ್ಲದೆ ವೈಪರ್ ಎಳೆದರೆ ಕೆಸರು ಇನ್ನಷ್ಟು ಹರಡುತ್ತದೆ, ಅಷ್ಟೆ.

"ನೋಡ್ರೀ, ನಾನು ಸೀರೆ ಉಟ್ಕಂಡು ಬರೋದ್ರೊಳಗೆ ಸರಿ ಮಾಡುದ್ರೆ ನೀವೇ ಓಡ್ಸಿ. ಇಲ್ದಿದ್ರೆ ಕೀ ನನ್ ಕೈಗೆ ಕೊಟ್ಟು ಹಿಂದ್ಗಡೆ ಕೂತ್ಕಳಿ," ಎಂದಳು ರಂಜಿತ.

ಹಿಂದಿನ ಸೀಟು! ಬೀಗರ ಬೀದಿಯಲ್ಲಿ, ಚಪ್ಪರದಡಿ ಕೂತ ಅಷ್ಟೂ ಜನರ ಎದುರು, ಹೆಂಡತಿ ಓಡಿಸಿದ ಕಾರಿನ ಹಿಂದಿನ ಬಾಗಿಲಿಂದ ನಾನು ಇಳಿಯುವುದೇ? ತೋಳು ಮಡಿಚಿ ಬಾನೆಟ್ ಎತ್ತಿದೆ.

ನನ್ನನ್ನು ಸಾಮಾನ್ಯನೆಂದು ತಿಳಿಯಬೇಡಿ. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೈತರಿಗೆ ಹನಿ ನೀರಾವರಿಯ ಪಾಠ ಹೇಳುವವನು ನಾನು. ಒಂದು ತೊಟ್ಟಿ, ಒಂದು ಮೋಟಾರು, ಒಂದು ಪೈಪು, ಕೊನೆಗೊಂದು ತೂತು. ಕಾರಾದರೇನು, ಕಬ್ಬಿನ ಗದ್ದೆಯಾದರೇನು, ಶಾಸ್ತ್ರ ಒಂದೇ. ಕೀ ಜೇಬಿನಲ್ಲಿದ್ದರೆ ಸಾಕಾದ ಕಾರು; ಗುಂಡಿ ಒತ್ತಿ, ಸ್ಟೇರಿಂಗ್ ಪಕ್ಕದ ಕಡ್ಡಿ ಎಳೆದೆ. 'ಗುಂಯ್' ಎಂದಿತು. ಅಂದರೆ ಮೋಟಾರು ಜೀವಂತ. ತೊಟ್ಟಿ ಅಲ್ಲಾಡಿಸಿದೆ, ಒಳಗೆ ತುಳುಕಿತು. ಹಾಗಾದರೆ ನೀರು ಹೋಗುವುದಾದರೂ ಎಲ್ಲಿಗೆ? ನಿಜ ಹೇಳುತ್ತೇನೆ, ಅಷ್ಟು ಹೊತ್ತಿಗೆ ನನಗೆ ನಾಮಕರಣವೂ ಮರೆತಿತ್ತು, ರಾಹುಕಾಲವೂ ಮರೆತಿತ್ತು.

"ಅದೇನ್ ಅಳಿಯಂದ್ರೆ, ಗಾಡಿ ಬಾಯೊಳಕ್ಕೆ ತಲೆ ಇಕ್ಕಂಡ್ ನಿಂತಿದ್ದೀರಿ?" ಎನ್ನುತ್ತ ಅತ್ತೆ ಹೊಂಬಾಳಮ್ಮ ಬಂದರು. ಮೊಮ್ಮಗುವಿನ ನಾಮಕರಣಕ್ಕೆ ನಮ್ಮ ಜೊತೆಯಲ್ಲೇ ಹೋಗೋಣವೆಂದು ಹಿಂದಿನ ದಿನವೇ ಬಂದಿದ್ದರು.

ರಂಜಿತಳಿಂದ ಸೀರೆಯ ಪಿನ್ನು ಕಡ ತಂದು, ಬಾನೆಟ್ ಮೇಲೆ ನೀರು ಚಿಮ್ಮುವ ಎರಡು ಪುಟ್ಟ ತೂತುಗಳನ್ನು ಕೆದಕಿದೆ. ಒಳಗಿನಿಂದ ಕೆಂಪಗೆ, ಹಳದಿಯಾಗಿ ಒಣಗಿದ ಏನೋ ಬಂತು. ಮೂಸಿದೆ. ಅರಿಸಿನ ಕುಂಕುಮ!

"ಅತ್ತೆ, ಇದೇನಿದು?"

"ಆಯ್ದಪೂಜೇಲಿ ನಾನೇ ಇಕ್ಕುದ್ದು ಕಣಪ್ಪ. ಎತ್ತಾದ್ರೆ ಅಣೇಗಿಕ್ತೀವಿ. ಇದ್ಕೆ ಅಣೆ ಎಲ್ಲದೆ ಅಂತ ಉಡುಕ್ತಿದ್ದೆ, ಮೂಗ್ನ ತೂತು ಕಾಣ್ತು. ಅಲ್ಗೇ ಇಕ್ದೆ."

ಅಪರಾಧಿ ಸಿಕ್ಕ ಮೇಲೆ ಬಿಡುವುದುಂಟೇ? ಶ್ರದ್ಧೆಗೂ ವಿಜ್ಞಾನಕ್ಕೂ ಇರುವ ಅಂತರ, ತೂತು ಕಟ್ಟಿದರೆ ವ್ಯವಸ್ಥೆಯೇ ಕುಸಿಯುವ ಬಗೆ, ಇವನ್ನೆಲ್ಲ ಅತ್ತೆಗೆ ವಿಸ್ತಾರವಾಗಿ ಬೋಧಿಸಿದೆ. ಅವರು ಎಲೆ ಅಡಿಕೆ ಮೆಲ್ಲುತ್ತ ಕೇಳಿದರು. ಸೀರೆ ಉಟ್ಟು ಬಂದ ರಂಜಿತ ಸ್ಟೇರಿಂಗ್ ಮುಂದೆ ಕೂತು ಕಡ್ಡಿ ಎಳೆದಳು. ಗುಂಯ್. ಒಂದು ಹನಿಯೂ ಇಲ್ಲ.

"ಕುಂಕುಮ ಬಂತು, ನೀರ್ ಬರ್ಲಿಲ್ವಲ್ಲ. ಕೀ ಕೊಡಿ."

"ಒಂದೇ ಒಂದ್ ನಿಮಿಷ ಕಣೆ!"

ಗದ್ದೆಯಲ್ಲಿ ಪೈಪು ಕಟ್ಟಿಕೊಂಡರೆ ನಾವು ಏನು ಮಾಡುತ್ತೇವೆ? ತುದಿ ಬಿಚ್ಚಿ, ಬಾಯಿಟ್ಟು ಹೀರುತ್ತೇವೆ. ಬಾನೆಟ್ ಅಡಿಯ ಸಣ್ಣ ರಬ್ಬರ್ ಪೈಪು ಕಿತ್ತು ಬಾಯಿಗಿಟ್ಟು ಉಸಿರು ಕಟ್ಟಿ ಹೀರಿದೆ. ಬರಲಿಲ್ಲ. ಇನ್ನೂ ಬಲವಾಗಿ ಹೀರಿದೆ. ನನಗೆ ನೆರವಾಗಲೆಂದೋ, ಹೊತ್ತಾಯಿತೆಂದೋ, ಅದೇ ಗಳಿಗೆಯಲ್ಲಿ ರಂಜಿತ ಒಳಗಿನಿಂದ ಕಡ್ಡಿ ಎಳೆದಳು. ಪೈಪಿನೊಳಗಿನ ಗಂಟು ಪಟ್ಟನೆ ಬಿಟ್ಟುಕೊಂಡಿತು. ತೊಟ್ಟಿಯಲ್ಲಿದ್ದದ್ದು ನನ್ನ ಗಂಟಲಿಗೆ ನೇರ ಸಂಪರ್ಕ ಪಡೆಯಿತು.

ಆ ರುಚಿಯನ್ನು ವರ್ಣಿಸಲಾರೆ. ಆದರೆ ವಾಸನೆ ನನಗೆ ಬಹಳ ಪರಿಚಿತ.

ಥೂ ಥೂ ಎಂದು ನಾನು ಅಂಗಳವೆಲ್ಲ ಕುಣಿಯುವಾಗ ರಂಜಿತ ಇಳಿದು ಬಂದು ಮೂಗು ಮುಚ್ಚಿಕೊಂಡಳು.

"ವಾಷರ್ಗೆ ಯಾವ ಕ್ಯಾನಿಂದ ಹುಯ್ದ್ರಿ?"

"ಒಗೆಯೋ ಕಲ್ಲತ್ರ ಇತ್ತಲ್ಲ, ಸೋಪಿನ ನೀರಿನ ಕ್ಯಾನು..."

"ಸೋಪಿನ್ ನೀರಂತೆ ಸೋಪಿನ್ ನೀರು! ಕರಿಬೇವಿನ್ ಗಿಡಕ್ಕೆ ಅಂತ ನೀವೇ ಫಾರಂನಿಂದ ತಂದಿದ್ದ ಜೀವಾಮೃತ ಕಣ್ರೀ ಅದು!"

(ಗೊತ್ತಿಲ್ಲದವರಿಗೆ: ಜೀವಾಮೃತವೆಂದರೆ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ ಕೊಳೆಸಿದ ದ್ರವ. ಬೆಳೆಗೆ ಬಲು ಒಳ್ಳೆಯದು. ಸರಿಯಾಗಿ ಸೋಸದೆ ಪೈಪಿಗೆ ಬಿಟ್ಟರೆ ಕಟ್ಟಿಕೊಳ್ಳುತ್ತದೆಂದು ರೈತರಿಗೆ ಎಚ್ಚರಿಸುವವನು ನಾನೇ.)

ಅತ್ತೆ ಎಲೆ ಅಡಿಕೆ ಉಗಿದು ಬಂದು ನಿಧಾನವಾಗಿ ಹೇಳಿದರು. "ಗಾಡೀಗೆ ಗಂಜ್ಲ ಕುಡ್ಸುಬುಟ್ಟು, ತಪ್ಪ ನನ್ ಕುಂಕುಮದ್ ಮ್ಯಾಲೆ ಆಕ್ತಿದ್ರಲ್ಲ ಅಳಿಯಂದ್ರೆ!"

ನಾನು ಬಾಯಿ ಮುಕ್ಕಳಿಸುತ್ತಿದ್ದೆ. ರಂಜಿತ ಕೈ ಚಾಚಿದಳು. ಕೀ ಕೊಟ್ಟೆ. ಹಿಂದಿನ ಸೀಟಿನಲ್ಲಿ, ಕಿಟಕಿಯ ಗಾಜು ಪೂರ್ತಿ ಇಳಿಸಿ, ಮುಖ ಹೊರಗೆ ಹಾಕಿ ಕೂತುಕೊಳ್ಳುವಂತೆ ಅಪ್ಪಣೆಯಾಯಿತು.

ಮಳವಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಎದುರಿಗೆ ಬಂದ ಕಬ್ಬಿನ ಟ್ರಾಕ್ಟರು ಹಳ್ಳಕ್ಕಿಳಿದು ಗಾಜಿನ ತುಂಬ ಕೆಸರು ಎರಚಿತು. ರಂಜಿತ ಪಕ್ಕಕ್ಕೆ ನಿಲ್ಲಿಸಿ, ತಿರುಗಿ ನೋಡದೆ ಕುಡಿಯುವ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿದಳು. "ಇಳೀರಿ."

ರಸ್ತೆಯಲ್ಲಿ ಹೋಗುವ ಬಸ್ಸಿನವರೆಲ್ಲ ನೋಡುವಂತೆ ನಾನು ಬಾಟಲಿಯಿಂದ ನೀರು ಚಿಮುಕಿಸಿ ಕರವಸ್ತ್ರದಿಂದ ಗಾಜು ತಿಕ್ಕಿದೆ. ಒಳಗಿನಿಂದ ರಂಜಿತ ಬೆರಳಲ್ಲಿ ತಟ್ಟಿ ತೋರಿಸುತ್ತಿದ್ದಳು. "ಎಡ್ಗಡೆ ರೀ. ಇನ್ನೊಂಚೂರ್ ಮ್ಯಾಕೆ."

ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ, ತಿಳಿಯಾದ ಗಾಜಿನ ಮೂಲಕ ನನ್ನನ್ನು ಮೆಚ್ಚುಗೆಯಿಂದ ನೋಡಿ ಮಗಳಿಗೆ ಹೇಳಿದ್ದು ತೆರೆದ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು:

"ಕಂಪ್ನಿಯೋರು ಕೊಟ್ಟುದ್ದು ಕೆಟ್ಟೋದ್ರೆ ಓಯ್ತು ಬುಡವ್ವ. ನಿಮ್ಮಪ್ಪ ಉಡುಕ್ ತಂದುದ್ದು ಚೆಂದಾಗೇ ಕೆಲ್ಸ ಮಾಡ್ತದೆ."