ಅಪ್ಪನ ಶುಗರ್ರೂ ನನ್ನ ಬ್ಲಾಂಡಿಯೂ

ಸರ್ವೆ ಇಲಾಖೆಯಲ್ಲಿದ್ದ ನಮ್ಮಪ್ಪನಿಗೆ ಒಂದು ಅಭ್ಯಾಸ. ತಟ್ಟೆಯಲ್ಲಿರೋ ತಿಂಡಿಯ ಅಂಚು ವಕ್ರವಾಗಿದ್ದರೆ ಚಾಕು ತಗೊಂಡು ನೇರ ಮಾಡ್ತಾರೆ. ಕತ್ತರಿಸಿದ ಚೂರು ಸೀದಾ ಬಾಯಿಗೆ. "ತಿಂತಿಲ್ಲ ಕಣಮ್ಮ, ಗಡಿ ಸರಿ ಮಾಡ್ತಿದೀನಿ." ನಾಲ್ಕೂ ಗಡಿ ಸರಿಯಾಗೋ ಹೊತ್ತಿಗೆ ಅರ್ಧ ತಟ್ಟೆ ಖಾಲಿ. ಅವರಿಗೆ ಶುಗರ್ ಬೇರೆ. ಈ ಸಲ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಅಂತ ಡಾಕ್ಟರು ಹೆದರಿಸಿದ್ದರು. ಇಂಥ ಮನೆಯಲ್ಲಿ ನಾನು ಹೋಂ ಸೈನ್ಸ್ ಓದೋಕೆ ಸೇರಿದ ಮೇಲೆ ನಗುವಿಗೆ ಬರವೇ ಇರಲಿಲ್ಲ.

೧. ಮರಳು

ಹೊರದೇಶದ ಒಂದು ಸಿಹಿ ಮಾಡಿ, ಅದರ ಪೋಷಕಾಂಶ ಬರೆದು ತರಬೇಕು ಅಂದರು ಕಾಲೇಜಿನಲ್ಲಿ. ನಾನು ಬಟರ್‌ಸ್ಕಾಚ್ ಬ್ಲಾಂಡಿ ಅನ್ನೋ ಕೇಕಿನಂಥ ತಿಂಡಿ ಆರಿಸಿಕೊಂಡೆ. ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಗೆ ಓವನ್ ಎಲ್ಲಿಂದ ಬರಬೇಕು? ಪುಸ್ತಕ ನೋಡಿಕೊಂಡು ಹಳೇ ಕುಕ್ಕರಿಗೆ ಮರಳು ಸುರಿದು ಒಲೆ ಮೇಲಿಟ್ಟೆ. ಮೊಟ್ಟೆ ಬದಲು ಮೊಸರು, ಕಂದು ಸಕ್ಕರೆ ಬದಲು ಬೆಲ್ಲ.

ಅಮ್ಮ ಇಣುಕಿ ನೋಡಿದರು. "ಕಡ್ಲೆಕಾಯಿ ಹುರಿಯೋಕೂ ಇಂಗ್ಲಿಷ್ ಪುಸ್ತಕ ಬೇಕೇನೇ?"

೨. ಗುಬ್ಬಿ ಅತ್ತೆ

ಗುಬ್ಬಿಯಿಂದ ಬಂದಿದ್ದ ಸೋದರತ್ತೆ ಎರಡು ತುಂಡು ತಿಂದು, "ಚೆನ್ನಾಗೈತೆ ಕಣೇ, ಏನಿದು?" ಅಂದರು.

"ಚಾಕ್ಲೇಟ್ ಹಾಕಿದ್ರೆ ಬ್ರೌನಿ ಅತ್ತೆ. ಹಾಕದಿದ್ರೆ ಬ್ಲಾಂಡಿ."

ಅತ್ತೆ ನನ್ನ ಬೆನ್ನು ಸವರಿದರು. "ಹಾಕೋದು ಮರೆತೋಯ್ತಾ? ಹೋಗ್ಲಿ ಬುಡು, ಯಾರ್ಗೂ ಹೇಳಲ್ಲ."

೩. ಪಟ್ಟಿ

ಬ್ಲಾಂಡಿಯ ಗಡಿಯನ್ನೂ ಸರಿ ಮಾಡತೊಡಗಿದ ಅಪ್ಪನಿಗೆ ತಿನ್ಬೇಡಿ ಅಂತ ಬಾಯಲ್ಲಿ ಹೇಳೋ ಧೈರ್ಯ ನನಗಿಲ್ಲ. ಪೋಷಕಾಂಶದ ಪಟ್ಟಿಯನ್ನೇ ಫ್ರಿಜ್ ಮೇಲೆ ಅಂಟಿಸಿದೆ. ಸಕ್ಕರೆ ಅಂಶ, ಕೊಬ್ಬು ಎರಡನ್ನೂ ದಪ್ಪಕ್ಷರದಲ್ಲಿ ಬರೆದಿದ್ದೆ. ಸಂಜೆ ನೋಡಿದರೆ ಅವೆರಡನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕೆಂಪು ಪೆನ್ಸಿಲ್ಲಿನ ಗೆರೆ.

"ಬೆಲ್ಲದಲ್ಲಿ ಐರನ್, ಗೋಡಂಬೀಲಿ ಪ್ರೋಟೀನ್, ಬೆಣ್ಣೇಲಿ ವಿಟಮಿನ್ನು. ನಂಗೆ ಇವೇ ಕಮ್ಮಿ ಕಣಮ್ಮ!"

"ನಿಮಗೆ ಕಮ್ಮಿ ಇರೋದು ಇವಲ್ಲ" ಅಂದರು ಅಮ್ಮ.

೪. ಚೀಟಿ

ತಿಂಗಳ ತಪಾಸಣೆಗೆ ನಾನೂ ಜೊತೆಗೆ ಹೋದೆ.

"ಸಿಹಿ ತಿಂದ್ರಾ ಸಾರ್?"

"ಎಲೆ ಮೇಲೆ ಬಡಿಸೋ ಸಿಹಿ ಒಂದನ್ನೂ ಮುಟ್ಟಿಲ್ಲ ಡಾಕ್ಟ್ರೇ!" ಬಾಳೆಎಲೆ ಮೇಲೆ ಬಡಿಸದೇ ಇರೋದು ಅಪ್ಪನ ಲೆಕ್ಕದಲ್ಲಿ ಸಿಹಿಯೇ ಅಲ್ಲ.

ರಿಪೋರ್ಟು ಬೇರೆಯೇ ಹೇಳಿತು. ಡಾಕ್ಟರು ನನ್ನ ಮುಖ ನೋಡಿದರು. ಫ್ರಿಜ್ ಮೇಲಿಂದ ಕಿತ್ತು ತಂದಿದ್ದ ಪಟ್ಟಿಯನ್ನು ಬ್ಯಾಗಿನಿಂದ ತೆಗೆದುಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಇನ್ನೊಂದೇ ತಿಂಗಳು ಮಾತ್ರೆಯಲ್ಲಿ ನೋಡೋಣ. ಬ್ಲಾಂಡಿ ಪೂರ್ತಿ ಬಂದ್. ಆಮೇಲೆ ಇಂಜೆಕ್ಷನ್ನೇ."

ಅಪ್ಪ ಕುರ್ಚಿ ಮುಂದಕ್ಕೆಳೆದುಕೊಂಡು ದನಿ ತಗ್ಗಿಸಿದರು. "ಡಾಕ್ಟ್ರೇ, ಇನ್ಮೇಲೆ ನನ್ ಮಗಳು ನಾನು ಕೇಳಿದ್ರೆ ಮಾಡ್ಕೊಡಲ್ಲ. ಆ ಮಾತ್ರೆ ಚೀಟಿ ಕೆಳಗೇ, ಬ್ಲಾಂಡಿ ಬೆಳಿಗ್ಗೆ ಒಂದು ರಾತ್ರಿ ಒಂದು, ಊಟ ಆದ್ಮೇಲೆ ಅಂತ ಬರೆದ್ಬಿಡಿ."