ಬಲಗಡೆ ಸ್ಪೀಕರಿನ ತಂಬೂರಿ

ಜಹೀರಾಬಾದಿನ ವೀರಭದ್ರ ಆ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಒಂದು ಘೋರ ಪ್ರತಿಜ್ಞೆ ಮಾಡಿದ. ಇವತ್ತು ಹೆಂಡತಿಗೆ ಕೇಳುವುದನ್ನು ಕಲಿಸಿಯೇ ತೀರುತ್ತೇನೆ! ಹಾಗಂತ ಪ್ರೇಮಲಾಳ ಕಿವಿಗೆ ಏನೂ ಆಗಿರಲಿಲ್ಲ. ಓಣಿಯ ಆ ತುದಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಈ ತುದಿಯಲ್ಲಿ ಆಕೆಗೆ ಪೂರ್ತಿ ತಿಳಿಯುತ್ತಿತ್ತು. ಆದರೆ ಗಂಡನ ಆಳೆತ್ತರದ ಜೋಡಿ ಸ್ಪೀಕರಿಗೂ ಅಡುಗೆಮನೆಯ ರೇಡಿಯೋಕ್ಕೂ ಆಕೆಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ವೀರಭದ್ರನ ಶಾಸ್ತ್ರದಲ್ಲಿ ಇದಕ್ಕೆ ಕಿವುಡು ಎಂದೇ ಹೆಸರು.

ಆ ಸ್ಪೀಕರುಗಳು ಪಡಸಾಲೆಯನ್ನು ನುಂಗಿ ಕುಳಿತಿದ್ದವು. ಸೋಮವಾರದ ಭಜನೆಗೆ ಬರುವ ಹೆಂಗಸರು ಒಬ್ಬರ ಮೊಣಕಾಲ ಮೇಲೊಬ್ಬರು ಕೂತು ಹಾಡಬೇಕಾಗಿತ್ತು.

"ರೀ, ಈ ಪೆಟ್ಟಿಗಿ ತೆಗಿತೀರೋ, ಇಲ್ಲಾ ನಾವು ಅಂಗಳದಾಗ ಕುಂದ್ರಬೇಕೋ?"

"ಇವತ್ತೊಂದು ಸಲ ಶಾಂತ ಕುಂತು ಕೇಳು. ಆಮ್ಯಾಲೂ ಬ್ಯಾಡ ಅಂದ್ರ ಲಿಂಗರಾಜ ಒಯ್ತಾನ, ಆತಿಲ್ಲ?"

ಅವನ ಗೆಳೆಯ, ತಾಂಡೂರಿನ ಲಿಂಗರಾಜನಿಗೂ ಇದೇ ಸ್ಪೀಕರಿನ ರೋಗ. ಆ ಸ್ಪೀಕರುಗಳ ಮೇಲೆ ಅವನಿಗೆ ಬಹಳ ದಿನದ ಕಣ್ಣು. ತೀರ್ಪು ಹೇಳಲು ಬಾ ಎಂದು ಕರೆದರೆ ಟ್ರಾಲಿ ಆಟೋ ಮಾಡಿಕೊಂಡು, ಹಗ್ಗ ಸಮೇತ ಬಂದ!

ವೀರಭದ್ರನ ಬ್ರಹ್ಮಾಸ್ತ್ರ ಒಂದು ಹಳೆಯ ಕ್ಯಾಸೆಟ್. ಊರೆಲ್ಲ ಹೊಗಳಿದ್ದನ್ನು ಯಾರು ಬೇಕಾದರೂ ಕೇಳುತ್ತಾರೆ. ಯಾರೂ ಮೂಸಿ ನೋಡದ ರೆಕಾರ್ಡಿಂಗಿನಲ್ಲಿ ಚಿನ್ನದಂಥ ಧ್ವನಿ ಹುಡುಕುವವನೇ ರಸಿಕ ಎಂಬುದು ಅವನ ಸಿದ್ಧಾಂತ. ಇದು ಮೊನ್ನೆ ನಾರಾಯಣಖೇಡದ ಮಾವನ ಮನೆಯ ಟ್ರಂಕಿನಲ್ಲಿ ಸಿಕ್ಕಿತ್ತು, ಇನ್ನೂ ಹಾಕಿ ಕೇಳಿರಲಿಲ್ಲ. ಅವನು ಹೆಣ್ಣು ನೋಡಲು ಹೋದ ದಿನ ಪ್ರೇಮಲಾ ಮಠದಲ್ಲಿ ಹಾಡಿದ ಭಜನೆ ಅದು. ರೇಡಿಯೋದಲ್ಲಿ ಕೆಲಸಕ್ಕಿದ್ದ ಮಾವನ ಗೆಳೆಯನೊಬ್ಬ ಎರಡು ಒಳ್ಳೆಯ ಮೈಕು ಹಚ್ಚಿ ಹಿಡಿದಿಟ್ಟಿದ್ದ. 'ಹಾಡು ಶುರುವಾಯಿತು, ನಾನು ಕಣ್ಣು ಮುಚ್ಚಿದೆ, ಮೈಮರೆತೆ, ಎದ್ದು ಮದುವೆಗೆ ಹೂಂ ಅಂದೆ' ಎಂದು ವೀರಭದ್ರ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಪ್ರೇಮಲಾ ಆಗೆಲ್ಲ ನಾಚಿ ಒಳಗೆ ಹೋಗುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಒಂದು ಮಾತಿನ ಖುಷಿಗೇ ಆಕೆ ಸ್ಪೀಕರುಗಳನ್ನು ಇಷ್ಟು ವರ್ಷ ಸಹಿಸಿದ್ದಳು.

ಸಂಜೆ ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಕುಕ್ಕರಿಗೆ ಸೀಟಿ ಹೊಡೆಯದಂತೆ ನಿಷೇಧಾಜ್ಞೆ ಹೊರಟಿತು. ಪ್ರೇಮಲಾಳನ್ನು ಎರಡು ಸ್ಪೀಕರುಗಳಿಗೆ ಬರೋಬರಿ ನಡುವೆ ಕುರ್ಚಿ ಹಾಕಿ ಕೂರಿಸಲಾಯಿತು.

ತಾಳ ಕೇಳಿತು. ಹಾರ್ಮೋನಿಯಂ ಕೇಳಿತು. ಪ್ರೇಮಲಾಳ ಎಳೆಯ ದನಿ ಎದುರಿಗೆ ಬಂದು ಕೂತಂತೆ ಕೇಳಿತು. ಆಕೆಯ ಕಣ್ಣು ತುಂಬಿ ಬಂತು. ಗೆದ್ದೆ ಅಂದುಕೊಂಡ ವೀರಭದ್ರ ಅಲ್ಲಿಗೇ ಸುಮ್ಮನಿರಬೇಕಿತ್ತು. ಇರಲಿಲ್ಲ.

"ಬಲಗಡೆ, ಕೆಳಗ! ಕೇಳಸ್ತದಿಲ್ಲ? ತಂಬೂರಿ! ಬ್ಯಾರೆ ಡಬ್ಬಿಯೊಳಗ ಇದು ಹುಟ್ಟಂಗೇ ಇಲ್ಲ!"

"ಅರೆ ವಾ!" ಲಿಂಗರಾಜ ಕಿವಿ ಹಿಡಿದುಕೊಂಡ. "ನೆಲದಾಗಿಂದ ಎದ್ದು ಬಂದಂಗ ಅದ!"

"ಅವತ್ತು ತಂಬೂರಿನೇ ಇರಲಿಲ್ಲಲ್ರೀ," ಅಂದಳು ಪ್ರೇಮಲಾ.

"ನಿನಗೇನು ಗೊತ್ತು?"

"ಹಾಡಿದಾಕಿ ನಾ!"

ವೀರಭದ್ರ ವಾದ ಮಾಡದೆ ವಾಲ್ಯೂಮ್ ಏರಿಸಿದ. ತಂಬೂರಿ ಗುರ್ರೆಂದು ಮೇಲೇರಿತು, ಗಂಟಲಲ್ಲಿ ಒಂದು ಕ್ಷಣ ಸಿಕ್ಕಿಕೊಂಡಿತು, ಪುಸ್ಸೆಂದು ಇಳಿಯಿತು, ಮತ್ತೆ ಏರಿತು.

"ಆ ಮೀಂಡ್ ನೋಡ್ರಿ ವೈನಿ, ಸ್ವರ ಹೆಂಗ ಜಾರ್ತದ!" ಲಿಂಗರಾಜನ ತಲೆ ತೂಗುತ್ತಲೇ ಇತ್ತು.

ಪ್ರೇಮಲಾ ಕುರ್ಚಿ ಬಿಟ್ಟೆದ್ದು ಬಲಗಡೆ ಸ್ಪೀಕರಿಗೆ ಕಿವಿ ಹಚ್ಚಿದಳು. ಅಷ್ಟರಲ್ಲಿ ತಂಬೂರಿಯ ಪಕ್ಕದಿಂದಲೇ ಒಂದು ಮುದಿ ದನಿ, ಅಕ್ಷರ ಅಕ್ಷರ ಸಾಫಾಗಿ, ಪಿಸುಗುಟ್ಟಿತು: "ಏ, ಹುಡುಗನ್ನ ಎಬ್ಬಸ್ರೋ, ಹಾಡು ಮುಗ್ಯಾಕ ಬಂತು!"

ತಂಬೂರಿ ಗಕ್ಕನೆ ನಿಂತಿತು. ಲಿಂಗರಾಜ ನಿಂತ ಫ್ಯಾನನ್ನು ನೋಡತೊಡಗಿದ. ಪ್ರೇಮಲಾಳಿಗೆ ಎದೆಯಲ್ಲಿ ಚುರುಕ್ ಎಂದಿತು. ಇಷ್ಟು ವರ್ಷದ ನಾಚಿಕೆಯೆಲ್ಲ ವ್ಯರ್ಥವಾಗಿತ್ತಲ್ಲ! ಸರಿಯಾಗಿ ಕೇಳಿಸಲಿಲ್ಲ ಎಂದು ವೀರಭದ್ರನಾದರೂ ಹೇಗೆ ಹೇಳಿಯಾನು?

"ಸೌಂಡ್ ಭಾಳ ಸಾಫ್ ಅದ ರೀ," ಎಂದಳು ಪ್ರೇಮಲಾ. ಆಮೇಲೆ ಸೆರಗು ಸರಿ ಮಾಡಿಕೊಂಡು ತಿರುಗಿದಳು. "ಲಿಂಗರಾಜಣ್ಣಾ, ಈ ಸ್ಪೀಕರು ಒಯ್ರಿ. ಅಸಲಿ ತಂಬೂರಿ ದಿನಾ ರಾತ್ರಿ ನನ್ನ ಬಾಜೂಕೇ ಬಾರಸ್ತದ, ನಕಲಿಗೆ ಈಸು ದೊಡ್ಡ ಪೆಟ್ಟಿಗಿ ಯಾಕ ಬೇಕು?"