ಕ್ಯಾನಿನೊಳಗಿನ ಪ್ರಾಣ

ಒಂದಾನೊಂದು ಬೆಟ್ಟದ ಮೇಲೆ ಒಂದು ಪುಟ್ಟ ರಾಜ್ಯವಿತ್ತು. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ಜಾನುವಾರು ತಳಿ ಸಂವರ್ಧನ ಮತ್ತು ಸಂಶೋಧನಾ ಕೇಂದ್ರ. ಪ್ರಜೆಗಳು ನೂರಿಪ್ಪತ್ತು ಹಸು, ಎಂಟು ಹೋರಿ. ಅಜ್ಜಿ ಹೇಳುವ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿರುತ್ತದಲ್ಲ, ಹಾಗೆ ಈ ಕೇಂದ್ರದ ಪ್ರಾಣ ಒಂದು ಅಲ್ಯೂಮಿನಿಯಂ ಕ್ಯಾನಿನಲ್ಲಿತ್ತು. ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ ಮಲಗಿದ್ದ, ಹೋರಿಯ ವೀರ್ಯ ತುಂಬಿದ ಇಪ್ಪತ್ತೈದು ತೆಳು ನಳಿಕೆಗಳು. ದೆಹಲಿಯ ಪ್ರಯೋಗಾಲಯ ಅವನ್ನು ಪರೀಕ್ಷಿಸಿ ಒಪ್ಪಿದರೆ ಕೇಂದ್ರ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಇವತ್ತು ಸಂಜೆ ಐದರೊಳಗೆ ಒಂದೂ ಕಡಿಮೆಯಾಗದಂತೆ ತಲುಪಿಸುತ್ತೇನೆಂದು ಮಾತು ಕೊಟ್ಟವನು ಕೇಂದ್ರದ ಹೊಸ ಮುಖ್ಯಸ್ಥ ದೇವೇಂದ್ರಪ್ಪ.

ದೇವೇಂದ್ರಪ್ಪ ಉಗ್ರಾಣದ ಕೆಲಸದಿಂದ ಬಡ್ತಿ ಪಡೆದು ಬಂದವನು. ಹಸುವಿಗೆ ಕೊಂಬು ಎಷ್ಟು ಎಂದರೂ ಕಡತ ತರಿಸಿ ನೋಡುತ್ತಿದ್ದ. ಹೊರಡುವಾಗ ಪಶುವೈದ್ಯೆ ಪ್ರಜ್ಞಾ, "ಸಾರ್, ದಾರಿಯಲ್ಲಿ ಮುಚ್ಚಳ ತೆಗೀಲೇಬೇಡಿ," ಎಂದು ಮೂರು ಸಲ ಹೇಳಿದ್ದಳು. ಒಂದು ಸಲ ಹೇಳಿದ್ದರೆ ನಂಬುತ್ತಿದ್ದ. ಮೂರು ಸಲ ಯಾಕೆ?

ರಾತ್ರಿ ಉಳಿದದ್ದು ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ, ಹದಿನಾಲ್ಕನೇ ಮಹಡಿಯ ತಂಗಿ ಅಹಲ್ಯಾಳ ಮನೆಯಲ್ಲಿ. ಬೆಳಿಗ್ಗೆ ಎದ್ದವನೇ ಮುಚ್ಚಳ ತೆಗೆದ. ಒಲೆ ಹತ್ತದ ಅಡುಗೆಮನೆಯಂತೆ ಹಾಲ್ ತುಂಬ ಬಿಳಿ ಹೊಗೆ. ನಳಿಕೆಗಳನ್ನು ಮೇಲೆತ್ತಿ ಎಣಿಸಿದ. ಇಪ್ಪತ್ತೈದು.

"ಅಣ್ಣಾ, ಏನಿದು?"

ತಂಗಿಯ ಮುಂದೆ ಹೇಗೆ ಹೇಳುವುದು? "ಔಷಧಿ ಕಣಮ್ಮ."

ಲಿಫ್ಟಿನಲ್ಲಿ ಪಕ್ಕದ ಮನೆಯ ಇಂದಿರಾ ಆಂಟಿ ಕೇಳಿದರು. ವಯಸ್ಸಾದ ಹೆಂಗಸು. "ತೀರ್ಥ," ಎಂದ. ಗೇಟಿನಲ್ಲಿ ಗಾರ್ಡ್ ತಡೆದ. "ಬೀಜ, ಭಯ್ಯಾ," ಎಂದ.

ಅರ್ಧ ಗಂಟೆಯಲ್ಲಿ ಅಪಾರ್ಟ್‌ಮೆಂಟಿನ ಸೊಸೈಟಿ ಆಫೀಸಿನಲ್ಲಿ ವಿಚಾರಣೆ. ಸೊಸೈಟಿಯ ಸೆಕ್ರೆಟರಿ ಕರುಣಾಕರ, ಕುಂದಾಪುರದ ಕಡೆಯವರು, ಹೋಟೆಲ್ ಮಾಲೀಕರು.

"ಔಷಧಿ, ತೀರ್ಥ, ಬೀಜ! ಎಂಥ ಮಾರಾಯ್ರೇ, ಒಂದೇ ಪಾತ್ರೆಯಲ್ಲಿ ಮೂರು ಐಟಮ್ ನಮ್ಮ ಹೋಟೆಲಿನಲ್ಲೂ ಸಿಗುವುದಿಲ್ಲ!"

"ಅಚ್ಛಾ, ನಂಗೆ ಗೊತ್ತು," ಎಂದರು ಇಂದಿರಾ ಆಂಟಿ. "ಕಿಡ್ನಿ. ವಾಟ್ಸಾಪಿನಲ್ಲಿ ಬಂದಿತ್ತು, ಹೀಗೇ ಸಾಗಿಸ್ತಾರಂತೆ."

ಗಾರ್ಡ್ ಹಿಂದಕ್ಕೆ ಸರಿದ. ದೇವೇಂದ್ರಪ್ಪನ ಅನುಮಾನ ಬೇರೆಯೇ: ಈ ಮುದುಕಿ ಕ್ಯಾನಿನ ಹತ್ತಿರ ಯಾಕೆ ಬಗ್ಗಿದಳು? ಮುಚ್ಚಳ ತೆಗೆದು ಎಣಿಸಿದ. ಹೊಗೆ ಕಂಡು ಎಲ್ಲರೂ ಕುರ್ಚಿಗಳ ಹಿಂದೆ. ಇಪ್ಪತ್ತೈದು. ಕರುಣಾಕರ ಕೆಮ್ಮಿದರು. ಯಾಕೆ ಕೆಮ್ಮಿದರು? ಮತ್ತೆ ಎಣಿಸಿದ.

ವಿಚಾರಣೆಯಲ್ಲೇ ಮಧ್ಯಾಹ್ನ ಮೂರು ಗಂಟೆಯಾಯಿತು. "ಪೊಲೀಸರನ್ನೇ ಕರೆಯುವಾ," ಎಂದು ಕರುಣಾಕರ ಫೋನೆತ್ತಿದಾಗ ದೇವೇಂದ್ರಪ್ಪ ಬೆವೆತು, ಅವರ ಕಿವಿಯಲ್ಲಿ ನಿಜ ಪಿಸುಗುಟ್ಟಿದ.

ಕರುಣಾಕರ ಮೇಜು ಬಡಿದು ನಕ್ಕರು. "ಹೋರಿಯದ್ದಾ! ಮೊದಲೇ ಹೇಳಬಾರದಿತ್ತಾ? ಊರಲ್ಲಿ ನಮ್ಮ ಮನೆ ದನಕ್ಕೂ ಡಾಕ್ಟ್ರು ಇದೇ ಇಂಜೆಕ್ಷನ್ ಕೊಡ್ತಿದ್ರು. ಚಲೋ, ಕಾರಲ್ಲಿ ನಾನೇ ಬಿಡ್ತೇನೆ."

ಇಷ್ಟು ಬೇಗ ಒಳ್ಳೆಯವರಾದರೇ? ದೇವೇಂದ್ರಪ್ಪನಿಗೆ ಜೀವ ತಡೆಯಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಎಣಿಸಿದ. ಪಕ್ಕದ ಕಾರಿನವರು ಗಾಜು ಏರಿಸಿಕೊಂಡರು.

ನಾಲ್ಕೂವರೆಗೆ ಪ್ರಯೋಗಾಲಯ. ಅಧಿಕಾರಿ ಒಂದು ನಳಿಕೆ ಒಡೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಇನ್ನೊಂದು ಒಡೆದ. ಎಲ್ಲ ಇಪ್ಪತ್ತೈದನ್ನೂ ಒಡೆದ.

"ದಾರಿಯಲ್ಲಿ ಯಾರಾದರೂ ಇವನ್ನು ಹೊರಗೆ ತೆಗೆದರೇ?" ಎಂದು ಹಿಂದಿಯಲ್ಲಿ ಕೇಳಿದ. "ಚಳಿಯಿಂದ ಗಾಳಿಗೆ ಪದೇ ಪದೇ ಬಂದರೆ ಇವು ಉಳಿಯುವುದಿಲ್ಲ."

ದೇವೇಂದ್ರಪ್ಪ ಎದೆಯುಬ್ಬಿಸಿದ. "ಯಾರಿಗೂ ಮುಟ್ಟಲು ಬಿಟ್ಟಿಲ್ಲ ಸಾರ್! ನಾನೇ ಸ್ವತಃ ಹನ್ನೊಂದು ಸಲ ತೆಗೆದು ಎಣಿಸಿದ್ದೇನೆ!"

ಅಧಿಕಾರಿ ರಸೀದಿ ಬರೆದು ಮೊಹರು ಒತ್ತಿ ಕೊಟ್ಟ. ಹಿಂದಿ ಓದಲು ಬಾರದ ದೇವೇಂದ್ರಪ್ಪ ಅದನ್ನು ಜೊತೆಗೆ ಒಳಗೆ ಬಂದಿದ್ದ ಕರುಣಾಕರರ ಕೈಗಿತ್ತ.

"ತಲುಪಿದ ಸಮಯ, ಐದರೊಳಗೆ," ಕರುಣಾಕರ ನಿಧಾನವಾಗಿ ಓದಿದರು. "ಎಣಿಕೆ ಇಪ್ಪತ್ತೈದು, ಸರಿಯಿದೆ."

"ನಾನು ಹೇಳಲಿಲ್ಲವೇ!"

"ಜೀವಂತ... ಸೊನ್ನೆ."